ಮಕ್ಕಳಿಗೆ ಚಿತ್ರಲೇಖನವನ್ನು ಕಲಿಸುವ ಬಗೆ

ನಮ್ಮ ಭಾಷೆಯಲ್ಲಿ ಅಕ್ಷರವನ್ನು ಬರೆಯುತ್ತೇವೆ; ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಹಿಂದಿನವರು ಈ ಎರಡು ವಿದ್ಯೆಗಳನ್ನು ಒಡಹುಟ್ಟಿದವೆಂದೇ ಬಗೆದಿದ್ದರೆಂದು ತೋರುತ್ತದೆ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಈ ಒಡಹುಟ್ಟಿದವರಿಗೆ ಸಮಪಾಲು ದೊರೆತಿಲ್ಲ. ಅಕ್ಷರಕ್ಕೆ ದಿನವೆಲ್ಲ ಮೀಸಲು. ಚಿತ್ರಕ್ಕೆ ವಾರದಲ್ಲಿ ಒಂದು ಅವಧಿ, ಅದೂ ಗಣಿತದ ಪಾಠ ಹಿಂದೆ ಬಿದ್ದರೆ ಗಣಿತಕ್ಕೇ ಸಲ್ಲುವುದು. “ಚಿತ್ರ ಬರೆದರೆ ಮಗುವಿಗೆ ಏನು ಬಂದಂತಾಯಿತು?” ಎಂದು ತಂದೆತಾಯಿಗಳು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರವನ್ನೂ, ಚಿತ್ರಲೇಖನವನ್ನು ಆರಂಭಿಸುವ ಕ್ರಮವನ್ನೂ ನನ್ನ ಅನುಭವದ ಮಿತಿಯಲ್ಲಿ ಇಲ್ಲಿ ಅರಿಕೆ ಮಾಡುತ್ತೇನೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಾಲ್ಕನೆಯ ತರಗತಿಯ ಮಕ್ಕಳಿಗೆ ಆನೆಯ ಚಿತ್ರವನ್ನು ಬರೆಯಲು ಹೇಳಿದೆ. ಮಾದರಿಗೆಂದು ಕರಿಹಲಗೆಯ ಮೇಲೆ ನಾನೇ ಒಂದನ್ನು ಬರೆದಿದ್ದೆ: ಮೊರದಂಥ ಕಿವಿ, ಕಂಬದಂಥ ನಾಲ್ಕು ಕಾಲು, ಬೆನ್ನ ಮೇಲೆ ಅಂಬಾರಿ. ಎಲ್ಲರೂ ಅದನ್ನೇ ನೋಡಿ ಬರೆದರು. ಒಬ್ಬ ಹುಡುಗ ಮಾತ್ರ ಹಾಳೆಯನ್ನೆಲ್ಲ ಪೆನ್ಸಿಲಿನಿಂದ ಕಪ್ಪು ಮಾಡಿ, ಮೂಲೆಯಲ್ಲಿ ಒಂದು ಅಟ್ಟಣೆಯನ್ನೂ, ಕೆಳಗೆ ಮುರಿದು ಬಿದ್ದ ಜೋಳದ ದಂಟುಗಳನ್ನೂ, ನಡುವೆ ಕಪ್ಪಿಗಿಂತ ಕಪ್ಪಾದ ಒಂದು ಗುಡ್ಡದಂಥ ಆಕಾರವನ್ನೂ ಬರೆದಿದ್ದ. “ಆನೆ ಎಲ್ಲಯ್ಯ?” ಎಂದು ಗದರಿದೆ. “ರಾತ್ರಿ ಹೊತ್ತು ಆನೆ ಹಿಂಗೇ ಕಾಣೋದು ಸಾರ್” ಎಂದ. ತರಗತಿ ನಕ್ಕಿತು. ಹತ್ತಕ್ಕೆ ಎರಡು ಅಂಕ ಹಾಕಿದೆ.

ಮುಂದಿನ ಪರೀಕ್ಷೆಯಲ್ಲಿ ಆ ಹುಡುಗನೂ ಅಂಬಾರಿಯ ಆನೆಯನ್ನೇ ಬರೆದ. ಎಂಟು ಅಂಕ ಪಡೆದ. ಕೆಲವು ವರ್ಷ ಕಳೆದ ಮೇಲೆ, ಬೆಳೆ ಕಾಯುತ್ತಿದ್ದ ಬಂಧುವೊಬ್ಬರೊಡನೆ ಹೊಲದ ಅಟ್ಟಣೆಯಲ್ಲಿ ಒಂದು ರಾತ್ರಿ ಕಳೆಯುವ ಸಂದರ್ಭ ನನಗೆ ಒದಗಿತು. ನಡುರಾತ್ರಿಯಲ್ಲಿ ದಂಟು ಮುರಿಯುವ ಸದ್ದಾಯಿತು. ಕಣ್ಣಿಗೆ ಕಂಡದ್ದು ಕಪ್ಪಿನೊಳಗೊಂದು ಕಪ್ಪು ಗುಡ್ಡ, ಕಿವಿಯಿಲ್ಲ, ಕಾಲಿಲ್ಲ. ಆ ಮಗು ಬರೆದದ್ದು ಅಕ್ಷರಶಃ ಸತ್ಯವಾಗಿತ್ತು. ತಾನು ಕಂಡದ್ದನ್ನು ಬಿಟ್ಟು ಮೇಷ್ಟರು ಮೆಚ್ಚುವುದನ್ನು ಬರೆಯಬೇಕೆಂಬ ಪಾಠವನ್ನು ಅವನಿಗೆ ಕಲಿಸಿದವನು ನಾನು.

ಇದು ಒಂದು ಮಗುವಿನ ಮಾತಲ್ಲ. ನಮ್ಮ ತಾಳವಾಡಿ ಸೀಮೆಯ ಯಾವ ಮಗುವಿಗಾದರೂ “ಪ್ರಕೃತಿಯ ಚಿತ್ರ ಬರೆ” ಎಂದು ಹೇಳಿ ನೋಡಿ. ಎರಡು ತ್ರಿಕೋನದ ಬೆಟ್ಟಗಳು, ಅವುಗಳ ಸಂದಿಯಲ್ಲಿ ಕಿರಣ ಬೀರುವ ಸೂರ್ಯ, ಕೆಳಗೊಂದು ನದಿ, ದೋಣಿ, ದಡದಲ್ಲಿ ತೆಂಗಿನ ಮರ! ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದರೆ ದೊರೆಯುವ ಎತ್ತರದ ನೆಲ ನಮ್ಮದು. ಇಲ್ಲಿಯ ಬೆಟ್ಟಗಳು ತ್ರಿಕೋನಗಳಲ್ಲ. ಮಲಗಿದ ದನಗಳ ಬೆನ್ನಿನಂತೆ ಒಂದರ ಹಿಂದೊಂದು ಉದ್ದಕ್ಕೆ ಚಾಚಿಕೊಂಡಿವೆ. ದೋಣಿಯನ್ನು ಎಂದೂ ಕಾಣದ ಮಗು ದೋಣಿಯನ್ನು ಬರೆಯುತ್ತದೆ. ಕಿಟಕಿಯ ಹೊರಗಿರುವ ಬೆಟ್ಟವನ್ನು ಒಮ್ಮೆಯೂ ತಲೆಯೆತ್ತಿ ನೋಡುವುದಿಲ್ಲ. ಚಿತ್ರಲೇಖನವೆಂದರೆ ಮೊದಲು ಕಣ್ಣಿನ ಶಿಕ್ಷಣ, ಅನಂತರ ಕೈಯ ಶಿಕ್ಷಣ. ಈ ಕ್ರಮ ತಲೆಕೆಳಗಾದಾಗ ಮಗುವಿಗೆ ನಕಲು ಬರುತ್ತದೆ, ಚಿತ್ರ ಬರುವುದಿಲ್ಲ.

ಹಾಗೆಂದು ಎಳೆಯ ಮಗುವನ್ನು ಕೂರಿಸಿ “ಸರಿಯಾಗಿ ನೋಡು” ಎಂದು ಒತ್ತಾಯಿಸುವುದೂ ತರವಲ್ಲ. ವಿಯೆನ್ನಾ ನಗರದ ಫ್ರಾಂಜ್ ಚಿಜೆಕ್ ಎಂಬ ಶಿಕ್ಷಕರು 1897ರಲ್ಲಿ ಮಕ್ಕಳಿಗಾಗಿ ಚಿತ್ರಕಲೆಯ ತರಗತಿಯನ್ನು ತೆರೆದು, ಮಗುವಿನ ಚಿತ್ರವು ದೊಡ್ಡವರ ಚಿತ್ರದ ಕುರೂಪವಲ್ಲ, ಅದಕ್ಕೆ ಅದರದೇ ನಿಯಮವುಂಟು ಎಂದು ಸಾರಿದರು. ಅದೇ ನಾಡಿನಿಂದ ಅಮೆರಿಕಕ್ಕೆ ಹೋದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೆಳವಣಿಗೆಯ ಮೆಟ್ಟಿಲುಗಳನ್ನು ವಿವರಿಸಿದ್ದಾರೆ. ಸುಮಾರು 2ರಿಂದ 4 ವರ್ಷದವರೆಗೆ ಮಗು ಗೀಚುತ್ತದೆ. 4ರಿಂದ 7ರೊಳಗೆ ದುಂಡು ತಲೆಗೇ ಕೈಕಾಲು ಅಂಟಿಸಿದ ಮನುಷ್ಯರು ಮೂಡುತ್ತಾರೆ. 7ರಿಂದ 9ರೊಳಗೆ ಹಾಳೆಯ ತಳದಲ್ಲಿ ನೆಲದ ಗೆರೆಯೊಂದನ್ನು ಎಳೆದು, ಮನೆ ಮರಗಳನ್ನೆಲ್ಲ ಅದರ ಮೇಲೆ ಸಾಲಾಗಿ ನಿಲ್ಲಿಸುತ್ತದೆ. ಮನೆಯ ಗೋಡೆಯನ್ನೂ ಒಳಗೆ ಕುಳಿತ ಅಜ್ಜಿಯನ್ನೂ ಒಟ್ಟಿಗೇ ತೋರಿಸುತ್ತದೆ. ಇದು ದೋಷವಲ್ಲ. ಈ ವಯಸ್ಸಿನ ಮಗು ಕಾಣುವುದನ್ನಲ್ಲ, ತಿಳಿದುದನ್ನು ಬರೆಯುತ್ತದೆ. ಆಗ ಉಪಾಧ್ಯಾಯರ ಕೆಲಸ ಎರಡೇ: ಬರೆಯಲು ಜಾಗ ಕೊಡುವುದು, “ಇದೇನು, ಹೇಳು” ಎಂದು ಕೇಳಿ ಕಿವಿಗೊಡುವುದು. ಸೋಲಿಗರ ಹಾಡಿಯಿಂದಲೋ ತಮಿಳು ಮನೆಮಾತಿನ ಕುಟುಂಬದಿಂದಲೋ ಬಂದು, ತರಗತಿಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದ ಮಗು ತನ್ನ ಚಿತ್ರವನ್ನು ತೋರಿಸುತ್ತ ಮೊದಲ ಕನ್ನಡ ಮಾತನ್ನಾಡಿದುದನ್ನು ನಾನು ಕಂಡಿದ್ದೇನೆ.

ಒಂಬತ್ತು ಹತ್ತರ ವಯಸ್ಸಿನಲ್ಲಿ ಮಗುವಿಗೇ ತನ್ನ ಚಿತ್ರದ ಮೇಲೆ ಅತೃಪ್ತಿ ಹುಟ್ಟುತ್ತದೆ. “ನನಗೆ ಬರೋದಿಲ್ಲ” ಎಂಬ ಮಾತು ಕೇಳಿಬರುವುದು ಈಗಲೇ; ಬಹುಮಂದಿ ಚಿತ್ರವನ್ನು ಶಾಶ್ವತವಾಗಿ ಕೈಬಿಡುವುದೂ ಈಗಲೇ. ಕ್ರಮವಾದ ಪಾಠವನ್ನು ಆರಂಭಿಸಲು ಇದೇ ತಕ್ಕ ಕಾಲ. ದೊಡ್ಡವರಾದ ಮೇಲೆ ಕಲಿಯಬಯಸುವವರಿಗೂ ಮುಂದಿನ ಕ್ರಮವೇ ಸಲ್ಲುವುದು.

ಮೊದಲನೆಯದು ಗೆರೆ. ನೆಲದ ಮೇಲೆ, ಮರಳಿನಲ್ಲಿ, ಹಲಗೆಯ ಮೇಲೆ ದೊಡ್ಡದಾಗಿ, ಬೆರಳಿನಿಂದಲ್ಲದೆ ತೋಳಿನಿಂದ ಗೆರೆ ಎಳೆಯುವುದು ರೂಢಿಯಾಗಬೇಕು. ನಿಂತ ಗೆರೆ, ಮಲಗಿದ ಗೆರೆ, ಓರೆಗೆರೆ, ಸುತ್ತು. ಇದರಲ್ಲಿ ನಮ್ಮ ಮನೆಗಳ ಹೆಂಗಸರೇ ಮೊದಲ ಗುರುಗಳು. ಚುಕ್ಕಿ ಇಟ್ಟು, ಬೆರಳುಗಳ ನಡುವಿನಿಂದ ಪುಡಿ ಬಿಡುತ್ತ, ಅಳಿಸದೆ ತಿದ್ದದೆ ರಂಗೋಲಿಯನ್ನು ಮುಗಿಸುವ ತಾಯಿಯು “ನನಗೆ ಚಿತ್ರ ಬರದು” ಎನ್ನುವುದು ಸೋಜಿಗ. ರಬ್ಬರನ್ನು ಮಕ್ಕಳಿಂದ ದೂರವಿಡುವುದು ಲೇಸು. ತಪ್ಪು ಗೆರೆ ಹಾಗೆಯೇ ಇರಲಿ. ಪಕ್ಕದಲ್ಲಿ ಸರಿಯಾದುದನ್ನು ಎಳೆಯಲಿ.

ಎರಡನೆಯದು ಎಲೆ. ಮಾವು, ಹೊಂಗೆ, ಅರಳಿ, ಯಾವುದಾದರೂ ಒಂದು ಎಲೆಯನ್ನು ಮುಂದಿಟ್ಟು, ಅದರ ಅಂಚಿನ ಮೇಲೆ ಇರುವೆ ನಡೆಯುವಷ್ಟು ನಿಧಾನವಾಗಿ ಕಣ್ಣನ್ನು ನಡೆಸಿ, ಕೈಯನ್ನೂ ಅದರ ಜೊತೆಯಲ್ಲೇ ನಡೆಸಬೇಕು. ಎಲೆಯ ಪಾಠ ಸಣ್ಣದೆಂದು ಯಾರೂ ತಿಳಿಯಬಾರದು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರು ಬಾಲ್ಯದಲ್ಲಿ ಬರೆದ ಅರಳಿ ಎಲೆಯೊಂದನ್ನು ಶಾಲೆಯ ಉಪಾಧ್ಯಾಯರೊಬ್ಬರು ಮೆಚ್ಚಿದರು. ಅಂದಿನಿಂದ ತಾನು ಚಿತ್ರಗಾರನಾಗುವೆನೆಂಬ ಭಾವನೆ ಬೇರೂರಿತೆಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಮುಂಬಯಿಯ ಹೆಸರಾಂತ ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿದರೂ ಆ ಭಾವನೆ ಅಳಿಯಲಿಲ್ಲ. ನಾನು ಹಾಕಿದ ಎರಡು ಅಂಕವನ್ನು ಈ ಮೆಚ್ಚುಗೆಯೊಡನೆ ಹೋಲಿಸಿಕೊಂಡಾಗ ನನಗೆ ನಾಚಿಕೆಯಾಗುತ್ತದೆ.

ಮೂರನೆಯದು ಕೊಡ. ಕೊಡದ ಬಾಯಿ ದುಂಡಗಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟರೆ ಬಾಯಿ ಬರಿಯ ಅಡ್ಡಗೆರೆ. ನೆಲಕ್ಕಿಳಿಸಿ ದೂರದಿಂದ ನೋಡಿದರೆ ಮೊಟ್ಟೆಯಾಕಾರ. ಬಾವಿಯನ್ನು ಬಗ್ಗಿ ನೋಡಿದಂತೆ ಮೇಲಿನಿಂದ ನೋಡಿದಾಗ ಮಾತ್ರ ಪೂರ್ಣ ವೃತ್ತ. ತಿಳಿದುದಕ್ಕೂ ಕಾಣುವುದಕ್ಕೂ ಇರುವ ವ್ಯತ್ಯಾಸವನ್ನು ಮಗು ಈ ಕೊಡದಿಂದ ಅರಿಯಿತೆಂದರೆ ಅರ್ಧ ವಿದ್ಯೆ ಕೈಸೇರಿದಂತೆ.

ನಾಲ್ಕನೆಯದು ಅಳತೆ. ತೋಳನ್ನು ನೀಟಾಗಿ ಮುಂದಕ್ಕೆ ಚಾಚಿ, ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎತ್ತಿನ ಕಾಲಿನ ಉದ್ದಕ್ಕೂ ಹೊಟ್ಟೆಯ ಗಾತ್ರಕ್ಕೂ ಇರುವ ಪ್ರಮಾಣವನ್ನು ಹೆಬ್ಬೆರಳಿನಿಂದ ಗುರುತಿಸಬೇಕು. ತೋಳು ಮಡಿಸಿದರೆ ಅಳತೆ ಕೆಡುವುದು.

ಐದನೆಯದು ದೂರ. ಚಾಮರಾಜನಗರದ ರಸ್ತೆಯಲ್ಲಿ ನಿಂತು ವಿದ್ಯುತ್ ಕಂಬಗಳನ್ನು ನೋಡಿ. ದೂರ ಹೋದಂತೆ ಅವು ಕುಗ್ಗುವುವು, ಅವುಗಳ ನಡುವಿನ ಅಂತರವೂ ಕುಗ್ಗುವುದು. ಬೆಟ್ಟಗಳಲ್ಲಾದರೋ ಹತ್ತಿರದ್ದು ಕಡುಹಸಿರು, ಅದರ ಹಿಂದಿನದು ನೀಲಿ, ಕಡೆಯದು ಆಕಾಶದಲ್ಲೇ ಕರಗಿದಂತೆ ಮಸಕು. ನಡುವಣ ಗಾಳಿಯು ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಕೆ. ವೆಂಕಟಪ್ಪನವರು, ನಮ್ಮ ನೆರೆಯ ನೀಲಗಿರಿಯ ಉದಕಮಂಡಲದ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಮಂಜು, ಬೆಳಕು, ಬೆಟ್ಟದ ಸಾಲುಗಳನ್ನು ತಾಳ್ಮೆಯಿಂದ ನೋಡುವುದೆಂದರೇನೆಂದು ಅರಿಯಲು ನಮಗೆ ಅವು ಒಳ್ಳೆಯ ಪಾಠಗಳು.

ಕಡೆಯದು ನೆರಳು. ಒಂದೇ ಕಿಟಕಿಯ ಬೆಳಕಿನಲ್ಲಿ ಒಂದು ಕುಂಬಳಕಾಯಿಯನ್ನಿಟ್ಟು, ಕಣ್ಣನ್ನು ಅರೆಮುಚ್ಚಿ ನೋಡಿದರೆ ಸಣ್ಣ ವಿವರಗಳು ಮರೆಯಾಗಿ ಬೆಳಕು, ಅರೆಬೆಳಕು, ನೆರಳು ಎಂಬ ಮೂರು ಭಾಗಗಳು ಕಾಣುವುವು. ಅಷ್ಟನ್ನು ಬರೆದರೆ ಸಾಕು, ಕಾಯಿ ಹಾಳೆಯಿಂದ ಎದ್ದು ನಿಲ್ಲುತ್ತದೆ.

ಸಲಕರಣೆಗೆ ಹಣವಿಲ್ಲವೆಂಬ ನೆಪ ಬೇಡ. ಹುಣಸೆಯ ಕಡ್ಡಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಹೊಗೆ ಹೋಗಲು ಸಣ್ಣ ತೂತು ಮಾಡಿ, ಕೆಂಡದಲ್ಲಿಟ್ಟರೆ ಮೃದುವಾದ ಇದ್ದಿಲ ಕಡ್ಡಿಗಳಾಗುವುವು. ಬಣ್ಣಕ್ಕೆ ಕೆಮ್ಮಣ್ಣು, ದೀಪದ ಮಸಿ, ನಮ್ಮ ಹೊಲದಲ್ಲೇ ಬೆಳೆಯುವ ಅರಿಸಿನ. ಅರಿಸಿನಕ್ಕೆ ಸುಣ್ಣದ ತಿಳಿನೀರು ಸೇರಿದರೆ ಕೆಂಪಾಗುವುದು. ಸುಣ್ಣವನ್ನು ಮಾತ್ರ ದೊಡ್ಡವರೇ ಕಲಸಬೇಕು. ಅರಿಸಿನದ ಬಣ್ಣ ಬಿಸಿಲಿಗೆ ಮಾಸುವುದಾದರೂ ಕಲಿಕೆಗೆ ಸಾಕು. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿದರೆ ಕುಂಚ.

ಉಪಾಧ್ಯಾಯರಿಗೆ ಒಂದು ವಿನಂತಿ. ಮಗುವಿನ ಹಾಳೆಯ ಮೇಲೆ ನಿಮ್ಮ ಗೆರೆಯನ್ನು ಎಳೆಯಬೇಡಿ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನವೂ ಹತ್ತು ನಿಮಿಷ ಮೇಲು.

ಇನ್ನು ತಂದೆತಾಯಿಗಳ ಪ್ರಶ್ನೆ. ಚಿತ್ರ ಬಲ್ಲ ಮಗುವಿಗೆ ಅಕ್ಷರ ದುಂಡಾಗುವುದು. ಭೂಪಟ, ರೇಖಾಗಣಿತ, ಹೂವಿನ ಅಂಗಗಳ ಚಿತ್ರ ಸುಲಭವಾಗುವುವು. ಬಡಗಿಗೂ ದರ್ಜಿಗೂ ಗಾರೆಯವನಿಗೂ ಇದು ಅನ್ನದ ವಿದ್ಯೆ. ಆದರೆ ಇವೆಲ್ಲ ಮೇಲುಲಾಭಗಳು. ತನ್ನ ಕಣ್ಣು ಕಂಡುದನ್ನು ನಂಬುವ, ಅದನ್ನು ಹೆದರದೆ ನಾಲ್ವರ ಮುಂದಿಡುವ ಧೈರ್ಯ ಮಗುವಿಗೆ ಬರುವುದೇ ನಿಜವಾದ ಲಾಭ. ಅದನ್ನು ಕೊಡುವುದೂ ಕಸಿಯುವುದೂ ನಮ್ಮ ಒಂದು ಮಾತಿನಲ್ಲಿದೆ.

ಆ ಕಪ್ಪು ಹಾಳೆ ಈಗ ನನ್ನಲ್ಲಿಲ್ಲ. ಅದನ್ನು ಬರೆದ ಹುಡುಗನೂ ಶಾಲೆ ಬಿಟ್ಟು ಬಹುಕಾಲವಾಯಿತು. ಅಂಥ ಇನ್ನೊಂದು ಹಾಳೆ ನಮ್ಮ ಶಾಲೆಯಲ್ಲಿ ಕಸದ ಬುಟ್ಟಿಗೆ ಬೀಳದಿರಲೆಂಬುದೇ ಈ ಲೇಖನದ ಉದ್ದೇಶ. ಸಂಘದ ಪೋಷಕರಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು: ನಿಮ್ಮ ಮನೆ, ಅಂಗಡಿ, ಕಚೇರಿಗಳಲ್ಲಿ ಒಂದು ಮಗ್ಗುಲು ಖಾಲಿಯಿರುವ ಕಾಗದ, ಕಳೆದ ವರ್ಷದ ಕ್ಯಾಲೆಂಡರು ಇದ್ದರೆ ಶಾಲೆಗೆ ಕಳುಹಿಸಿಕೊಡಿ. ಮಕ್ಕಳು ಅದರ ಬೆನ್ನ ಮೇಲೆ ತಾವು ಕಂಡ ತಾಳವಾಡಿಯನ್ನು ಬರೆಯುತ್ತಾರೆ.