ಭೇದಿಯಾದಾಗ ಉಪ್ಪಿನ ಜೊತೆ ಸಕ್ಕರೆ ಏಕೆ?

ಮಗುವಿಗೆ ವಾಂತಿ-ಭೇದಿ ಎಂದು ಬರುವ ಪಾಲಕರು ಮೊದಲು ಕೇಳುವುದು, "ಸಲೈನ್ ಹಚ್ಚಿರಿ" ಎಂದು. ಓ.ಆರ್.ಎಸ್. ಪುಡಿ ಕೊಟ್ಟರೆ ಅನೇಕರಿಗೆ ಸಮಾಧಾನವಾಗುವುದಿಲ್ಲ.

ಕರುಳಿನ ಒಳಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನಿಂದಾದ ತೆಳುವಾದ ಪೊರೆ ಇದೆ. ಉಪ್ಪಿನಲ್ಲಿರುವ ಸೋಡಿಯಂ ಇದನ್ನು ತಾನಾಗಿ ದಾಟಲಾರದು. ಪೊರೆಯಲ್ಲಿರುವ ಪ್ರೋಟೀನಿನ ಬಾಗಿಲುಗಳ ಮೂಲಕವೇ ಹೋಗಬೇಕು. ಭೇದಿಯಲ್ಲಿ ಇವುಗಳಲ್ಲಿ ಕೆಲವು ಕೆಲಸ ನಿಲ್ಲಿಸುತ್ತವೆ. ಆದರೆ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದಾಗ ಒಳಬಿಡುವ ಒಂದು ಬಾಗಿಲು ಕಾಲರಾದಲ್ಲಿಯೂ ಕೆಲಸ ಮಾಡುತ್ತಿರುತ್ತದೆ. ಅವೆರಡೂ ಒಳಹೋದರೆ ನೀರು ಅವುಗಳ ಹಿಂದೆಯೇ ಹೋಗುತ್ತದೆ.

1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಾಬಿಸ್ ಇಂಥ ನೀರನ್ನೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ಅಳತೆ ಮುಖ್ಯ. ಮಗು ಇಷ್ಟಪಟ್ಟು ಕುಡಿಯಲೆಂದು ಇನ್ನಷ್ಟು ಸಕ್ಕರೆ ಬೆರೆಸುವ ಅಜ್ಜಿಯರಿದ್ದಾರೆ. ಸಿಹಿ ಹೆಚ್ಚಾದರೆ ನೀರು ದೇಹದಿಂದ ಕರುಳಿಗೇ ಮರಳಿ ಭೇದಿ ಹೆಚ್ಚುತ್ತದೆ. ಕೂಲ್ ಡ್ರಿಂಕ್ಸ್ ಬೇಡವೆನ್ನುವುದೂ ಇದಕ್ಕೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಕುದಿಸಿ ಆರಿಸಿದ ನೀರಿಗೆ, ಪೂರ್ತಿ ಪುಡಿ ಹಾಕಿರಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಕುಡಿಸಿರಿ. ಎದೆಹಾಲು ನಿಲ್ಲಿಸಬೇಡಿ. ಇದರಿಂದ ಭೇದಿ ಕೂಡಲೇ ನಿಲ್ಲದು. ಹೋದ ನೀರು ಮರಳಿ ಬರುತ್ತದೆ, ಜೀವ ಉಳಿಯುತ್ತದೆ.

ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ತನ್ನಿರಿ. ರಾತ್ರಿಯೆಂದು ಬೆಳಗಿನವರೆಗೆ ಕಾಯಬೇಡಿ.