ನಾಸಾದ ಗಾಳಿಸುದ್ದಿಯೂ ಸೌಟಿನ ಸಾರೂ

‘ಕಂಪ್ಯೂಟರಿಗೆ ಸಂಸ್ಕೃತವೇ ತಕ್ಕ ಭಾಷೆ ಅಂತ ನಾಸಾ ಒಪ್ಪಿದೆಯಂತೆ, ನಿಜವೇ?’ ರಾಜಾಜಿನಗರದ ಓದುಗರೊಬ್ಬರು ವಾಟ್ಸ್ಯಾಪ್ ಸಂದೇಶವೊಂದನ್ನು ಕಳಿಸಿ ಕೇಳಿದ್ದಾರೆ. ನಾಸಾ ಅಂಥದ್ದೇನನ್ನೂ ಒಪ್ಪಿಲ್ಲ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ‘ಎಐ ಮ್ಯಾಗಜೀನ್’ಗೆ ಒಂದು ಲೇಖನ ಬರೆದ, ಅಷ್ಟೆ. ಯಂತ್ರಕ್ಕೆ ಅರ್ಥ ತಿಳಿಸಲು ಎಐ ತಜ್ಞರು ಹೆಣೆಯುತ್ತಿದ್ದ ಜಾಲಕ್ಕೂ ನಮ್ಮ ವೈಯಾಕರಣರು ಸಂಸ್ಕೃತ ವಾಕ್ಯ ಬಿಡಿಸುತ್ತಿದ್ದ ಕ್ರಮಕ್ಕೂ ಹೋಲಿಕೆ ಇದೆ ಎಂಬುದು ಅವನ ವಾದ. 1986ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಈ ಬಗ್ಗೆ ರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

ಉತ್ಪ್ರೇಕ್ಷೆ ಸೋಸಿದರೆ ಉಳಿಯುವ ಗಟ್ಟಿ ಸರಕು ಸಂಸ್ಕೃತ ವೈಯಾಕರಣ ಪಾಣಿನಿಯ ಕಾರಕ, ಅಂದರೆ ಕ್ರಿಯಾಪದದೊಡನೆ ನಾಮಪದಗಳಿಗಿರುವ ನಂಟು. ಭಾಷಾವಿಜ್ಞಾನಿ ಚಾಮ್ಸ್ಕಿ 1957ರಲ್ಲಿ ಮುಂದಿಟ್ಟ ಮಾದರಿ ವಾಕ್ಯವನ್ನು ಪದಗುಚ್ಛಗಳಾಗಿ ಕವಲೊಡೆಸುತ್ತದೆ. ಪದಗಳು ಸಾಲು ಬಿಟ್ಟು ಕದಲದ ಇಂಗ್ಲಿಷಿಗೆ ಅದು ಹೇಳಿ ಮಾಡಿಸಿದ್ದು. ಆದರೆ ‘ಗೀತಾ ಪಾತ್ರೆಯಿಂದ ಸಾರನ್ನು ಸೌಟಿನಿಂದ ತೆಗೆದಳು’ ಎಂಬುದನ್ನು ಹೇಗೆ ಕಲಸಿದರೂ ಕನ್ನಡಿಗರಿಗೆ ಅರ್ಥವಾಗುತ್ತದೆ. ಕಾರಕದ ಲೆಕ್ಕದಲ್ಲಿ ‘ತೆಗೆದಳು’ ನಡುವೆ ಕೂರುತ್ತದೆ. ಅಲ್ಲಿಂದ ಗೀತಾಳಿಗೆ ಕರ್ತೃವಿನ ಬಾಣ, ಸಾರಿಗೆ ಕರ್ಮದ್ದು, ಸೌಟಿಗೆ ಕರಣದ್ದು (ಸಲಕರಣೆ), ಪಾತ್ರೆಗೆ ಅಪಾದಾನದ್ದು (ಎಲ್ಲಿಂದ ಎಂಬುದು). ಪದ ಎಲ್ಲಿಗೆ ಜಿಗಿದರೂ ಬಾಣ ಕದಲದು. ಐಐಟಿ ಕಾನ್ಪುರದಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಇದನ್ನೇ ಕಂಪ್ಯೂಟರಿಗೆ ಒಗ್ಗಿಸಿ, 1995ರಲ್ಲಿ ಪುಸ್ತಕ ತಂದರು. ಅವರ ‘ಅನುಸಾರಕ’ ಕನ್ನಡವನ್ನು ಹಿಂದಿಯ ಓದುಗರಿಗೆ ತಲುಪಿಸಲು ಹೊರಟ ತಂತ್ರಾಂಶಗಳಲ್ಲೊಂದು.

ತೊಡಕಿರುವುದು ಕನ್ನಡದ ಪ್ರತ್ಯಯಗಳಲ್ಲಿ. ಸೌಟಿಗೂ ಪಾತ್ರೆಗೂ ‘ಇಂದ’ವೇ. ಬಸವೇಶ್ವರನಗರವಿರಲಿ ಬೀದರಿರಲಿ, ಶಾಲೆಯಲ್ಲಿ ಕರಣದ ತೃತೀಯಾ ವಿಭಕ್ತಿಗೆ ‘ಇಂದ’, ಅಪಾದಾನದ ಪಂಚಮಿಗೆ ‘ದೆಸೆಯಿಂದ’ ಎಂದು ಉರು ಹೊಡೆಸುತ್ತಾರೆ. ಪಾತ್ರೆಯ ದೆಸೆಯಿಂದ ಸಾರು ತೆಗೆದವರನ್ನು ನಾನಂತೂ ಕಂಡಿಲ್ಲ! ಸಂಸ್ಕೃತದ ಅಳತೆಗೆ ಕನ್ನಡವನ್ನು ಎಳೆದ ಇಂಥ ಕಸರತ್ತುಗಳನ್ನೇ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ತರಾಟೆಗೆ ತೆಗೆದುಕೊಂಡದ್ದು.

ಹೀಗಾಗಿ ಯಂತ್ರಕ್ಕೆ ಪ್ರತ್ಯಯವೊಂದೇ ಸಾಲದು. ಶಾಸ್ತ್ರದವರು ಆಕಾಂಕ್ಷೆ, ಯೋಗ್ಯತೆ ಎನ್ನುತ್ತಿದ್ದ ಎರಡೂ ಬೇಕು: ‘ತೆಗೆ’ ಯಾರನ್ನು, ಏನನ್ನು ಬಯಸುತ್ತದೆ, ಸೌಟು ಆ ಕೆಲಸಕ್ಕೆ ಸಲಕರಣೆಯಾದೀತೇ. ಹೀಗೆ ಪಟ್ಟಿ ಮಾಡಿ ಕೊಟ್ಟರೆ ಬಾಣಗಳು ಸರಿಯಾಗಿ ಬೀಳುತ್ತವೆ. ಆದರೆ ‘ಕೊಡದಿಂದ ಲೋಟದಿಂದ ನೀರು ತೆಗೆದಳು’ ಎನ್ನಿ. ಎರಡೂ ನೀರು ಹಿಡಿಯುವ ಪಾತ್ರೆಗಳೇ! ಲೋಟ ಕೊಡದೊಳಗೆ ಹೋದೀತು, ಕೊಡ ಲೋಟದೊಳಗೆ ಹೋಗದು ಎಂಬುದನ್ನೂ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ.