ರಾಮಾಚಾರಿ ಯಾರ ಸ್ವತ್ತು?

ಚಿತ್ರದುರ್ಗದ ಕೋಟೆ ತೋರಿಸುವ ಗೈಡುಗಳು ಒಂದೇ ಉಸಿರಿನಲ್ಲಿ ಇಬ್ಬರ ಪರಿಚಯ ಮಾಡಿಕೊಡುತ್ತಾರೆ. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವ ಒಬ್ಬಳು, ಇದೇ ಬಂಡೆಗಳ ಮೇಲೆ ಓಡಾಡಿದ ರಾಮಾಚಾರಿ ಇನ್ನೊಬ್ಬ. ಅವಳು ಹೈದರಾಲಿಯ ಮುತ್ತಿಗೆಯ ಕಾಲದವಳು, ಇವನು ತ.ರಾ.ಸು. ಕಲ್ಪನೆಯ ಕೂಸು. ನೋಡಲು ಬಂದವರಿಗೆ ಇಬ್ಬರೂ ಅಷ್ಟೇ ನಿಜ. ಕಾನೂನು ಮಾತ್ರ ಭೇದ ಮಾಡುತ್ತದೆ. ನಾಳೆ ಯಾವುದೋ ವಾಹಿನಿ ಓಬವ್ವನ ಧಾರಾವಾಹಿ ಮಾಡಲು ಹೊರಟರೆ ಕಾಪಿರೈಟ್ ಕೇಳಿಕೊಂಡು ಯಾರ ಮನೆಗೂ ಹೋಗಬೇಕಿಲ್ಲ. ರಾಮಾಚಾರಿಯ ಕಥೆ ಬೇಕೆಂದರೆ ಹಾಗಲ್ಲ.

ಮೊದಲು ಲೆಕ್ಕ ನೋಡೋಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಾದಂಬರಿಯ ಹಕ್ಕು ಲೇಖಕ ಬದುಕಿರುವವರೆಗೆ, ಆಮೇಲೆ ಮತ್ತೆ 60 ವರ್ಷ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಮರುವರ್ಷದ ಜನವರಿಯಿಂದ ಎಣಿಸಿದರೆ 2044ರ ಕೊನೆಯವರೆಗೆ ಅವರ ಪುಸ್ತಕಗಳು ವಾರಸುದಾರರವು, ಇಲ್ಲವೇ ಹಕ್ಕು ಕೊಂಡವರವು. ಸಿನಿಮಾದ ಲೆಕ್ಕ ಬೇರೆ: ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ರಾಮಾಚಾರಿಯ ಕಥೆ ಹೇಳಿದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ಆದ್ದರಿಂದ ಅದರ ಅವಧಿ 2032ರ ಕೊನೆಗೆ ತೀರುತ್ತದೆ.

ಪುಟ್ಟಣ್ಣ ತೆಗೆದುಕೊಂಡದ್ದು ಒಂದು ಕಾದಂಬರಿಯನ್ನಲ್ಲ, ಮೂರನ್ನು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಮೂರನ್ನೂ ಒಂದು ಚಿತ್ರಕ್ಕೆ ಹಿಡಿಸಬೇಕಾದರೆ ಕತ್ತರಿ ಆಡಿಸಲೇಬೇಕು. ಸಿನಿಮಾ ಗೆದ್ದಿತು, ವಿಷ್ಣುವರ್ಧನ್ ನಾಯಕನಾದರು, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್ ಎಂದಾಯಿತು. 1974ರಲ್ಲಿ ಪುಟ್ಟಣ್ಣನವರೇ ಅದನ್ನು ಹಿಂದಿಗೂ ಒಯ್ದರು. ಆದರೆ ತನ್ನ ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಸಿಟ್ಟಾದದ್ದು ದುರ್ಗದಲ್ಲಿ ಇವತ್ತಿಗೂ ಓಡಾಡುವ ಮಾತು.

ಇದು ಕಳ್ಳತನದ ದೂರಲ್ಲ. ಹಕ್ಕು ಕೊಟ್ಟ ಮೇಲೆ ಪಾತ್ರದ ಮುಖ ಕೆಡಿಸಿದರೆಂಬ ದೂರು. ಇದಕ್ಕೂ ಕಾಯ್ದೆಯಲ್ಲಿ ಜಾಗವಿದೆ. 57ನೇ ಕಲಮಿನ ಪ್ರಕಾರ, ಹಕ್ಕನ್ನು ಪೂರ್ತಿ ಮಾರಿದ ಲೇಖಕನೂ ತನ್ನ ಮಾನಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆ ಕೇಳಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ಯನ್ನು ಸಿನಿಮಾ ಮಾಡಿದವರ ವಿರುದ್ಧ ಹೀಗೆಯೇ ದೆಹಲಿ ಹೈಕೋರ್ಟಿಗೆ ಹೋದರು. ಮಾಧ್ಯಮಕ್ಕೆ ಬೇಕಾದಷ್ಟು ಬದಲಾವಣೆ ಸರಿ, ಮೂಲ ಕೃತಿಯ ಗುರುತೇ ಸಿಗದಂತೆ ಮಾಡುವುದು ಸಲ್ಲ ಎಂಬ ನಿಲುವು 1986ರ ಆ ತೀರ್ಪಿನಿಂದ ಗಟ್ಟಿಯಾಯಿತು. ತ.ರಾ.ಸು. ಕಟಕಟೆ ಹತ್ತಿದ್ದರೆ? ಪುಟ್ಟಣ್ಣನವರ ಪರವಾಗಿಯೂ ಹೇಳಬೇಕಾದದ್ದು ಬೇಕಾದಷ್ಟಿತ್ತು. ರಾಮಾಚಾರಿ ಇಂದಿಗೂ ಜನರ ಬಾಯಲ್ಲಿರುವುದಕ್ಕೆ ಪುಸ್ತಕಕ್ಕಿಂತ ಆ ಸಿನಿಮಾ ಹೆಚ್ಚು ಕಾರಣ ಎಂಬುದು ನನ್ನ ಅನಿಸಿಕೆ, ದುರ್ಗದವರು ಒಪ್ಪಲಿ ಬಿಡಲಿ.

ಇನ್ನು ಹೆಸರಿನ ಮಾತು. 1991ರಲ್ಲಿ ರವಿಚಂದ್ರನ್ ‘ರಾಮಾಚಾರಿ’ ಬಂತು. ಅದು ತಮಿಳಿನ ‘ಚಿನ್ನ ತಂಬಿ’ಯ ರೀಮೇಕ್, ತ.ರಾ.ಸು. ಕಥೆಗೂ ಅದಕ್ಕೂ ಸಂಬಂಧವಿಲ್ಲ. 2014ರಲ್ಲಿ ಯಶ್ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಆದರು, ಅಲ್ಲಿ ನಾಯಕ ವಿಷ್ಣುವರ್ಧನ್ ಅಭಿಮಾನಿ. 2016ರಲ್ಲಿ ‘ನಾಗರಹಾವು’ ಎಂಬ ಹೆಸರೇ ಮತ್ತೊಂದು ಚಿತ್ರಕ್ಕೆ ಬಂತು. 2022ರಲ್ಲಿ ಕಲರ್ಸ್ ಕನ್ನಡದಲ್ಲಿ ‘ರಾಮಾಚಾರಿ’ ಧಾರಾವಾಹಿ ಶುರುವಾಯಿತು. ಇದರಲ್ಲಿ ಕಾಪಿರೈಟಿನ ಅಪರಾಧವಿಲ್ಲ. ಬರಿಯ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದು ‘ದೇಸಿ ಬಾಯ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ಸಿಟ್ಟಿನ ಹುಡುಗ, ಅವನನ್ನು ತಿದ್ದುವ ಮೇಷ್ಟ್ರು, ಅಲಮೇಲು, ಮಾರ್ಗರೆಟ್ ಎಲ್ಲರನ್ನೂ ಅದೇ ನಂಟಿನಲ್ಲಿ ತಂದು ಹೆಸರನ್ನಷ್ಟೇ ಬದಲಿಸಿದರೆ ಆಗ ನಿಜವಾದ ತಗಾದೆ. ಪಾತ್ರ ಎಷ್ಟು ವಿಶಿಷ್ಟವೋ ಅದಕ್ಕೆ ಅಷ್ಟು ರಕ್ಷಣೆ. ‘ದಬಂಗ್’ನ ಚುಲ್‌ಬುಲ್ ಪಾಂಡೆ ಕುರಿತ 2016ರ ವ್ಯಾಜ್ಯದಲ್ಲಿ ಬಾಂಬೆ ಹೈಕೋರ್ಟ್ ಈ ದಿಕ್ಕಿನಲ್ಲೇ ಯೋಚಿಸಿತು.

ಹೊರದೇಶದಲ್ಲಿ ಈ ಜಗಳ ಎಲ್ಲಿಗೆ ಹೋಯಿತು ನೋಡಿ. ಷರ್ಲಾಕ್ ಹೋಮ್ಸ್‌ನ ಬಹುಪಾಲು ಕಥೆಗಳು ಅಮೆರಿಕದಲ್ಲಿ ಮುಕ್ತವಾಗಿದ್ದವು, ಕೊನೆಯ ಕೆಲವು ಉಳಿದಿದ್ದವು. ಆ ಕೊನೆಯ ಕಥೆಗಳಲ್ಲೇ ಹೋಮ್ಸ್ ಮೃದುವಾದದ್ದು, ಆದ್ದರಿಂದ ಅಂತಃಕರಣವುಳ್ಳ ಹೋಮ್ಸ್ ನಮ್ಮವನು ಎಂದು ಕಾನನ್ ಡಾಯ್ಲ್ ಎಸ್ಟೇಟ್ 2020ರಲ್ಲಿ ‘ಎನೋಲಾ ಹೋಮ್ಸ್’ ಚಿತ್ರದ ಮೇಲೆ ದಾವೆ ಹೂಡಿತು. ಅದೇ ವರ್ಷ ದಾವೆ ಮುಗಿದುಹೋಯಿತು. ಕರುಣೆಗೂ ಬಾಡಿಗೆ ಕೇಳಿದವರು!

ದುರ್ಗದ ಮಟ್ಟಿಗೆ ಇನ್ನೂ ತೊಡಕಿನದು ಇತಿಹಾಸ. 2018ರಲ್ಲಿ ಮದಕರಿ ನಾಯಕನ ಮೇಲೆ ದರ್ಶನ್‌ದೊಂದು, ಸುದೀಪ್‌ದೊಂದು ಎಂದು ಎರಡು ಸಿನಿಮಾಗಳ ಸುದ್ದಿ ಒಟ್ಟಿಗೇ ಎದ್ದು ಅಭಿಮಾನಿಗಳಲ್ಲಿ ಜಟಾಪಟಿಯಾಯಿತು. ನಾಯಕ ಯಾರ ಸ್ವತ್ತೂ ಅಲ್ಲ. 1779ರಲ್ಲಿ ದುರ್ಗ ಬಿದ್ದದ್ದನ್ನು ಯಾರು ಬೇಕಾದರೂ ತೋರಿಸಬಹುದು. ಆದರೆ ಬಿ.ಎಲ್. ವೇಣು ಅವರ ಕಾದಂಬರಿಯ ಮದಕರಿ ವೇಣು ಅವರದು, ‘ದುರ್ಗಾಸ್ತಮಾನ’ದ ಮದಕರಿ ತ.ರಾ.ಸು. ಅವರದು. ಸೋಲಿನ ಹಿಂದಿನ ರಾತ್ರಿ ದೊರೆ ಏನು ಯೋಚಿಸಿದನೆಂದು ಬಖೈರು ಹೇಳುವುದಿಲ್ಲ, ಕಾದಂಬರಿ ಹೇಳುತ್ತದೆ. ಚಿತ್ರಕಥೆ ಬರೆಯುವವರು ಇತಿಹಾಸವೆಂದೇ ನಂಬಿ ಎತ್ತಿಕೊಳ್ಳುವುದು ಅದನ್ನೇ. ಸಿಕ್ಕಿಬೀಳುವುದೂ ಅಲ್ಲಿಯೇ.

ಹಿರಿಯೂರು ಸೀಮೆಯ ಕಾಡುಗೊಲ್ಲರು ಹಾಡಿಕೊಂಡು ಬಂದ ಜುಂಜಪ್ಪನ ಕಥೆಗೆ ಕರ್ತೃವೇ ಇಲ್ಲ, ಹಾಗಾಗಿ ಕೃತಿಸ್ವಾಮ್ಯವೂ ಇಲ್ಲ. ಆದರೆ ಗಣೆ ಊದಿ ಹಾಡಿದವನ ಹಾಡನ್ನು ಅವನ ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸಿ ಧಾರಾವಾಹಿಗೆ ಹಾಕಿಕೊಳ್ಳುವಂತಿಲ್ಲ. ಕಲಾವಿದನ ಪ್ರದರ್ಶನದ ಹಕ್ಕು 50 ವರ್ಷ ಅವನದೇ. ಹೊಳಲ್ಕೆರೆ ಕಡೆಯ ಹಳ್ಳಿಯವರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಪಾತ್ರಕ್ಕಿಷ್ಟು ಎಂದು ತಾವೇ ದುಡ್ಡು ಹಾಕಿ, ಸೀನರಿ ಬಾಡಿಗೆಗೆ ತಂದು ಜಾತ್ರೆಗೆ ನಾಟಕವಾಡುತ್ತಾರಲ್ಲ, ಅವರಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ: ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಉಲ್ಲಂಘನೆಯಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರದಂತೆ ವರ್ಷಕ್ಕೆ ಮೂರು ನಾಟಕ ಕಟ್ಟಿ ನಾಡೆಲ್ಲ ತಿರುಗುವ ರೆಪರ್ಟರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅಲ್ಲಿ ಕಲಾವಿದರು ವೃತ್ತಿಪರರು.

ಬರೆಯುವವರು ಗಮನಿಸಬೇಕಾದದ್ದು ಕರಾರಿನ ಸಣ್ಣ ಅಕ್ಷರ. ಅವಧಿ ಬರೆಯದಿದ್ದರೆ ಹಕ್ಕು ಐದೇ ವರ್ಷಕ್ಕೆ, ಸ್ಥಳ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಹಿ ಹಾಕಿದಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅದು ಮಾರಾಟದಲ್ಲಿ ಸೇರಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ.

2033ರ ಜನವರಿಯಲ್ಲಿ ‘ನಾಗರಹಾವು’ ಸಿನಿಮಾ ಮುಕ್ತವಾಗುತ್ತದೆ. ಅದನ್ನು ನೋಡಿಕೊಂಡು ಒಬ್ಬರು ಧಾರಾವಾಹಿ ಹೆಣೆದರೆ ಕಾದಂಬರಿಯ ಹಕ್ಕುದಾರರು ಇನ್ನೂ 12 ವರ್ಷ ತಡೆಯಬಹುದು. ಆ ಚಿತ್ರಕ್ಕೆ ಹಾಡು ಬರೆದ ಚಿ. ಉದಯಶಂಕರ್ ತೀರಿಕೊಂಡದ್ದು 1993ರಲ್ಲಿ, ಅವರ ಸಾಹಿತ್ಯದ ಅವಧಿ 2053ರವರೆಗೆ. ಓಬವ್ವ ಇಂದೇ ಎಲ್ಲರ ಆಸ್ತಿ. ಅವಳ ಮೇಲಿನ ಆ ಚಿತ್ರದ ಹಾಡು ಬೇಕೆಂದರೆ ಮಾತ್ರ ವಾಹಿನಿಯವರು ಒಪ್ಪಿಗೆ ಪಡೆದು, ಕೇಳಿದಷ್ಟು ತೆರಬೇಕು.